ಬರೀ ನೀರಾವಿ

ಡಿಸೆಂಬರ್ 1, ಸೋಮವಾರ

ಇವತ್ತಿನಿಂದ ಬರೆಯುತ್ತಿದ್ದೇನೆ. ಕಾರಣ ಹೆಂಡತಿ. "ರೀ, ಆಸ್ಪತ್ರೆ ಗೊಣಗಾಟನೆಲ್ಲ ಊಟದ ತಟ್ಟೆ ಮುಂದೆ ತರಬೇಡಿ. ಒಂದು ನೋಟ್‌ಬುಕ್ ತಗೊಂಡು ಅದರ ಹತ್ರ ಗೊಣಗಿ. ಅದು ಎದುರು ಮಾತಾಡಲ್ಲ," ಎಂದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವಳು. ಅವಳು ಕಿಟಕಿ ಮುಚ್ಚಿದರೆ ಮುಚ್ಚಿದ ಹಾಗೇ.

ಸರಿ, ಗೊಣಗುತ್ತೇನೆ.

ಆಸ್ಪತ್ರೆಯ ವಿದ್ಯುತ್ತು, ಬಿಸಿನೀರು, ಪಂಪುಗಳು ನನ್ನ ಹೊಣೆ. ಹದಿನೆಂಟು ವರ್ಷ ಹಿತ್ತಲಂಗಳದಲ್ಲಿ ಒಂದು ಡೀಸೆಲ್ ಜನರೇಟರ್ ಇಟ್ಟುಕೊಂಡು ಏಗಿದ್ದೇನೆ. ಅದರ ಹೊಗೆಗೆ ಹಿಂದಿನ ಓಣಿಯೆಲ್ಲ ಶಾಪ ಹಾಕುತ್ತಿತ್ತು. ಹಾಕಬೇಕಾದ ಶಾಪವೇ. ಮೂರು ವಾರದ ಹಿಂದೆ ಅದನ್ನು ಕಿತ್ತು ಫ್ಯೂಯೆಲ್ ಸೆಲ್ ಕೂರಿಸಿದೆವು. ಲಾರಿಯಷ್ಟು ಉದ್ದದ ಬಿಳಿ ಪೆಟ್ಟಿಗೆ. ಒಂದು ಕಡೆಯಿಂದ ಹೈಡ್ರೋಜನ್ ಹೋಗುತ್ತದೆ, ಇನ್ನೊಂದು ಕಡೆಯಿಂದ ಗಾಳಿ. ಒಳಗೆ ಎರಡೂ ಕೂಡಿ ವಿದ್ಯುತ್ತು ಹುಟ್ಟುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ. ಮಿಕ್ಕುವುದು ಬಿಸಿ ಮತ್ತು ನೀರು, ಅಷ್ಟೇ. ಆ ನೀರು ಹಬೆಯಾಗಿ ಕಾಂಪೌಂಡಿನ ಪಕ್ಕದ ಕೊಳವೆಯಿಂದ ಹೊರಗೆ ಹೋಗುತ್ತದೆ. ನನ್ನ ನೌಕರಿಯಲ್ಲಿ ಮೊದಲ ಬಾರಿಗೆ ಆ ಅಂಗಳದಲ್ಲಿ ಬಿಳಿ ಅಂಗಿ ಹಾಕಿಕೊಂಡು ನಿಂತೆ.

ಅದನ್ನೂ ನೆಮ್ಮದಿಯಾಗಿ ನಿಲ್ಲಲು ಬಿಡುವುದಿಲ್ಲ. ಓಣಿಯ ಆಚೆ ಬದಿಯಲ್ಲಿ ಪಿಟೀಲು ರಿಪೇರಿ ಮಾಡುವ ಮುದುಕನೊಬ್ಬನ ಅಂಗಡಿ ಇದೆ. ಆಸ್ಪತ್ರೆಯವರೆಲ್ಲ ಅವನನ್ನು ಪಿಟೀಲಪ್ಪ ಅನ್ನುತ್ತಾರೆ. ಇವತ್ತು ಅವನ ನಾಲ್ಕನೇ ಕಾಗದ ಬಂತು. "ಮಾನ್ಯರೇ, ನಿಮ್ಮ ಯಂತ್ರದ ಹಬೆಯಿಂದ ನನ್ನ ಕೋಣೆಯ ತೇವಾಂಶ (ಶೇಕಡಾ) ಬೆಳಿಗ್ಗೆ 74, ಮಧ್ಯಾಹ್ನ 79, ಸಂಜೆ 81. ದಯವಿಟ್ಟು ಬಂದು ನೋಡಿ." ಪ್ರತಿ ಕಾಗದದಲ್ಲೂ ಮೂರು ಅಂಕಿ, ಕೊನೆಗೆ ಬಂದು ನೋಡಿ.

ಹೊಗೆ ಇದ್ದಾಗ ಹೊಗೆ ಅಂದರು. ಈಗ ನೀರು ಅನ್ನುತ್ತಾರೆ. ನಾಳೆ ಬರೀ ಗಾಳಿ ಬಿಟ್ಟರೂ ಅದು ತಮ್ಮ ಮೂಗಿನ ನೇರಕ್ಕೆ ಬೀಸುತ್ತಿಲ್ಲ ಅಂದಾರು.

ಡಿಸೆಂಬರ್ 4, ಗುರುವಾರ

ಐದನೇ ಕಾಗದ ನೇರವಾಗಿ ಆಡಳಿತಾಧಿಕಾರಿಗೇ ಹೋಯಿತು. ಅವರು ನನ್ನನ್ನು ಕರೆಸಿ, "ಹೋಗಿ ಆ ಮನುಷ್ಯನ ಬಾಯಿ ಮುಚ್ಚಿಸಿ ಬನ್ನಿ," ಅಂದರು. ಹೋದೆ.

ಓಣಿ ಅಗಲವಿಲ್ಲ, ಎರಡು ಕೈಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ನಮ್ಮ ಕೊಳವೆಯ ಬಾಯಿಗೂ ಅವನ ಕಿಟಕಿಗೂ ನಾಲ್ಕು ಮೀಟರ್ ಇರಬಹುದು. ಚಳಿಗೆ ಹಬೆ ಬೆಳ್ಳಗೆ ಕಾಣುತ್ತಿತ್ತು. ಬುಡದ ಕಲ್ಲಿನ ಮೇಲೆ ಒಂದಿಷ್ಟು ಪಾಚಿ. ಪಾಚಿ ಎಲ್ಲಿಲ್ಲ?

ಒಳಗೆ ಗೋಡೆಯ ತುಂಬ ಪಿಟೀಲುಗಳು ಕುತ್ತಿಗೆಗೆ ಹುರಿ ಕಟ್ಟಿಸಿಕೊಂಡು ತೂಗುತ್ತಿದ್ದವು. ಮೇಜಿನ ಮೇಲೆ ಕಂಬಳಿ ಹಾಸಿ ಒಂದು ಚೆಲ್ಲೊ ಮಲಗಿಸಿದ್ದ. ಪಿಟೀಲಿನ ಆಕಾರವೇ, ಆದರೆ ಆಳೆತ್ತರ. ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವುದು. ಅದಕ್ಕೆ ಅವನು ದೊಡ್ಡಮ್ಮ ಅನ್ನುತ್ತಾನೆ.

"ನೂರು ವರ್ಷ ದಾಟಿದೆ ದೊಡ್ಡಮ್ಮನಿಗೆ. ಪಕ್ಕದ ಕೂಡು ಬಿಟ್ಟಿದೆ. ಮೂರು ಸಲ ಅಂಟು ಹಾಕ್ದೆ, ಕೂರ್ತಿಲ್ಲ. ಈ ತೇವದಲ್ಲಿ ಅಂಟು ಒಣಗೋದು ಹೇಗೆ ಹೇಳಿ?"

"ನೋಡಿ ಯಜಮಾನ್ರೆ, ಅದು ಬರೀ ನೀರಾವಿ. ನೀವು ಕುಡಿಯೋ ನೀರಿಗಿಂತ ಶುದ್ಧ."

"ಶುದ್ಧ ಅಲ್ಲ ಅಂತ ನಾನೆಲ್ಲಿ ಅಂದೆ? ಜಾಸ್ತಿ ಅಂದೆ."

"ಕಿಟಕಿ ಮುಚ್ಚಿಕೊಳ್ಳಿ."

"ವಾರ್ನಿಷ್ ವಾಸನೇಲಿ ಕಿಟಕಿ ಮುಚ್ಚಿಕೊಂಡು ಕೂತ್ರೆ ನಿಮ್ಮ ಆಸ್ಪತ್ರೆಗೇ ಬಂದು ಮಲಗಬೇಕಾಗುತ್ತೆ."

ಎಲ್ಲದಕ್ಕೂ ಉತ್ತರ ಸಿದ್ಧ. ಗೋಡೆಯ ಮೇಲೆ ಒಂದು ಹಿತ್ತಾಳೆಯ ತೇವಮಾಪಕ, ಅದರ ಕೆಳಗೆ ದಾರ ಕಟ್ಟಿದ ಪುಸ್ತಕ. ದಿನಕ್ಕೆ ಮೂರು ಸಲ ನೋಡಿ ಬರೆಯುತ್ತಾನಂತೆ, ಮೂವತ್ತೊಂದು ವರ್ಷದಿಂದ. ಮಾಡಲು ಬೇರೆ ಕೆಲಸ ಕಡಿಮೆ ಅಂತ ಕಾಣುತ್ತದೆ.

ವಾಪಸು ಬಂದು, ನಗರದ ಪರಿಸರ ಕಚೇರಿಗೆ ಆಡಳಿತಾಧಿಕಾರಿ ಬರೆಸಿಟ್ಟ ಪತ್ರಕ್ಕೆ ಸಹಿ ಹಾಕಿದೆ: "ಹೊರಬರುವುದು ಶುದ್ಧ ನೀರಾವಿ ಮಾತ್ರ. ಸುತ್ತಮುತ್ತ ಯಾವ ಪರಿಣಾಮವೂ ಇರುವುದಿಲ್ಲ." ಮೊದಲ ವಾಕ್ಯವಂತೂ ನೂರಕ್ಕೆ ನೂರು ನಿಜ.

ಡಿಸೆಂಬರ್ 9, ಮಂಗಳವಾರ

ಯಂತ್ರದ ಕಂಪನಿಯ ಪ್ರತಿನಿಧಿ ಬಂದಿದ್ದ. ಅವನ ಟೈಗೆ ಯಾವಾಗಲೂ ಅವನಿಗಿಂತ ಹೆಚ್ಚು ಆತ್ಮವಿಶ್ವಾಸ. "ಕೊಳವೆ ಮೂರು ಮೀಟರ್ ಎತ್ತರ ಮಾಡಿ ಸಾರ್, ಹಬೆ ಆಕಾಶಕ್ಕೆ ಹೋಗುತ್ತೆ," ಎಂದ. ಮಾಡಿದೆವು. ಎರಡು ದಿನ ವೆಲ್ಡಿಂಗ್.

ಹಬೆ ಆಕಾಶಕ್ಕೆ ಹೊರಟಿತು. ಹೊಸ ವಾರ್ಡಿನ ಚಾಚು ಛಾವಣಿಗೆ ತಲೆ ಹೊಡೆಸಿಕೊಂಡಿತು. ಅಲ್ಲಿಂದ ಸೀದಾ ಕೆಳಗೆ ಓಣಿಗೇ ಇಳಿಯಿತು. ಈಗ ಹಬೆಯ ಜೊತೆ ಛಾವಣಿಯಿಂದ ಹನಿಯೂ ಬೀಳುತ್ತದೆ. ಮೊದಲು ಮುಸುಕು ಮಾತ್ರ ಇತ್ತು, ಈಗ ತುಂತುರೂ ಸೇರಿತು. ಟೈಗೆ ಫೋನ್ ಮಾಡಿದರೆ, "ಅಂಥ ಛಾವಣಿ ಇದೆ ಅಂತ ನೀವು ಹೇಳ್ಲೇ ಇಲ್ವಲ್ಲ ಸಾರ್," ಅನ್ನುತ್ತಾನೆ. ಅದರ ಕೆಳಗೇ ನಿಂತು ಫೋಟೊ ತೆಗೆಸಿಕೊಂಡು ಹೋದ ಗಿರಾಕಿ!

ಪಿತ್ತ ನೆತ್ತಿಗೇರಿದೆ. ಇನ್ನು ಬರೆಯಲಾರೆ.

ಡಿಸೆಂಬರ್ 11, ಗುರುವಾರ

ಊಟದ ಬಿಡುವಿನಲ್ಲಿ ಸುಮ್ಮನೆ ಲೆಕ್ಕ ಹಾಕಿದೆ. ಪೂರ್ತಿ ಹೊರೆಯಲ್ಲಿ ಗಂಟೆಗೆ ನೂರು ಲೀಟರ್ ನೀರು ಹಬೆಯಾಗಿ ಹೋಗುತ್ತದೆ. ದಿನಕ್ಕೆ ಎರಡು ಸಾವಿರದ ನಾನೂರು. ಅಂದರೆ ದಿನಾ ಒಂದು ಸಣ್ಣ ಟ್ಯಾಂಕರ್ ನೀರನ್ನು ಆ ಓಣಿಯೊಳಕ್ಕೆ ಊದುತ್ತಿದ್ದೇವೆ.

ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದೆ. ತಪ್ಪಿಲ್ಲ. ಕಾಗದ ಹರಿದು ಬುಟ್ಟಿಗೆ ಹಾಕಿದೆ.

ಡಿಸೆಂಬರ್ 14, ಭಾನುವಾರ

ಮನೆಯಲ್ಲೂ ಇದೇ ಕಾಟ. ಬಚ್ಚಲುಮನೆಯ ಗೋಡೆಗೆ ಬೂಷ್ಟು ಹಿಡಿದಿದೆ ಎಂದು ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದಾಳೆ. ಬಚ್ಚಲು ಅಂದಮೇಲೆ ಅಷ್ಟು ಇರುತ್ತದೆ ಅಂದೆ.

"ಇದೂ ನಿಮ್ಮ ಯಂತ್ರಗಳ ಹಾಗೆ ಮಾನದಂಡದ ಒಳಗೇ ಇದೆಯಾ?" ಎಂದಳು.

ಮಾತಿಗೆ ಮಾತು ಬೆಳೆಯಿತು. ಪಿಟೀಲಪ್ಪನ ಸಂಗತಿ ಹೇಳಿ, ಎಂಥೆಂಥ ದೂರುಬಡಕರು ಇರುತ್ತಾರೆ ನೋಡು ಅಂದೆ. ಅವಳು ಬಟ್ಟೆ ಮಡಿಸುತ್ತಲೇ ಹೇಳಿದಳು: "ನನ್ನ ಕಿಟಕಿಗೆ ದಿನಕ್ಕೆ ನೂರು ದೂರು ಬರುತ್ತೆ. ತೊಂಬತ್ತು ಸುಳ್ಳು, ನನಗೂ ಗೊತ್ತು. ಆದ್ರೆ ನಿಜವಾದ ಹತ್ತು ಯಾವುದು ಅಂತ ಪೂರ್ತಿ ಕೇಳದೆ ಹೇಗ್ರೀ ಗೊತ್ತಾಗೋದು?"

"ಕೇಳಿದೀನಲ್ಲ, ಹೋಗಿ ಬಂದೆನಲ್ಲ!"

"ಹೋಗಿ ಬಂದ್ರಿ. ಕೇಳಿದ್ರಾ?"

ಇವಳ ಜೊತೆ ವಾದಕ್ಕಿಳಿಯಬಾರದು ಅಂತ ಪ್ರತಿ ಭಾನುವಾರ ನಿರ್ಧಾರ ಮಾಡುತ್ತೇನೆ.

ಡಿಸೆಂಬರ್ 16, ಮಂಗಳವಾರ

ಹೊಸ ಕಾಗದ. 80, 82, 83. ಒಳ್ಳೆಯ ಉಪಾಯ ಹೊಳೆದಿದೆ. ಈ ಅಂಕಿಗಳನ್ನು ಅವನು ಕೂತಲ್ಲೇ ಕಟ್ಟುತ್ತಿದ್ದಾನೆ ಎಂಬುದು ನನ್ನ ಗುಮಾನಿ. ನಾಳೆಯಿಂದ ಮೂರು ದಿನ ಯಾರಿಗೂ ಹೇಳದೆ ಯಂತ್ರ ನಿಲ್ಲಿಸಿ ಆಸ್ಪತ್ರೆಯನ್ನು ನಗರದ ವಿದ್ಯುತ್ತಿನ ಮೇಲೆ ನಡೆಸುತ್ತೇನೆ. ದಾಖಲೆಯಲ್ಲಿ "ಫಿಲ್ಟರ್ ತಪಾಸಣೆ" ಎಂದು ಬರೆದರಾಯಿತು. ಶನಿವಾರ ಹೋಗಿ ಪುಸ್ತಕ ತೋರಿಸಿ ಅನ್ನುತ್ತೇನೆ. ಆ ಮೂರು ದಿನವೂ ಎಂಬತ್ತು ಅಂತ ಬರೆದಿದ್ದರೆ ಸಿಕ್ಕಿಬಿದ್ದ ಹಾಗೆ.

ಇದನ್ನು ಮೊದಲೇ ಮಾಡಬೇಕಿತ್ತು.

ಡಿಸೆಂಬರ್ 20, ಶನಿವಾರ

ಬೆಳಿಗ್ಗೆ ಯಂತ್ರ ಮತ್ತೆ ಚಾಲೂ ಮಾಡಿ ಓಣಿಗೆ ಹೋದೆ. ಪುಸ್ತಕ ಕೇಳಿದೆ. ಬಿಚ್ಚಿ ಕೊಟ್ಟ.

ಮಂಗಳವಾರ ಸಂಜೆ 83. ಬುಧವಾರ ಮಧ್ಯಾಹ್ನ 61. ಸಂಜೆ 52. ಗುರುವಾರ 41. ಶುಕ್ರವಾರ 36. ಇವತ್ತು ನಾನು ಗುಂಡಿ ಒತ್ತಿದ ಎರಡೇ ಗಂಟೆಯಲ್ಲಿ 58, ಇನ್ನೂ ಏರುತ್ತಿದೆ.

ಒಂದೂ ಸುಳ್ಳಿಲ್ಲ. ನನ್ನ ದಾಖಲೆಯನ್ನು ಪಕ್ಕದಲ್ಲಿಟ್ಟರೆ ಎರಡೂ ಅಣ್ಣತಮ್ಮಂದಿರ ಹಾಗೆ ಹೊಂದುತ್ತವೆ.

ತಲೆ ಎತ್ತಿದರೆ ಮುದುಕ ಮೇಜಿನ ಹತ್ತಿರ ನಿಂತಿದ್ದ. ನಿಂತಿದ್ದರು. ಚೆಲ್ಲೊದ ಎದೆಯ ಮೇಲೆ ಕೂದಲೆಳೆಯಂಥ ಗೆರೆ, ಮೇಲಿನಿಂದ ಹೊಟ್ಟೆಯವರೆಗೆ. ನಿನ್ನೆ ಮಧ್ಯಾಹ್ನ ಟಪ್ ಅಂತ ಸದ್ದು ಕೇಳಿತಂತೆ.

"ತಿಂಗಳಿಗೂ ಮೇಲೆ ನೀರು ಕುಡಿದು ಊದಿಕೊಂಡಿತ್ತು ಮರ. ಮೂರೇ ದಿನಕ್ಕೆ ಒಣಗ್ತು. ತಡ್ಕೊಳ್ಳಕ್ಕಾಗ್ಲಿಲ್ಲ ದೊಡ್ಡಮ್ಮನಿಗೆ," ಎಂದರು. "ಒದ್ದೆ ಬಟ್ಟೆ ಸುತ್ತಲೂ ತೂಗುಹಾಕಿದ್ದೆ. ಸಾಲಲಿಲ್ಲ."

ಪುಸ್ತಕವನ್ನು ಮಾಪಕದ ಕೆಳಗೆ ಮತ್ತೆ ತೂಗುಹಾಕಿ ಬಂದೆ.

ಡಿಸೆಂಬರ್ 22, ಸೋಮವಾರ

ತೇವ ಹಾಗೇ ಇದ್ದಿದ್ದರೆ ಕೂಡು ಬಿಡುತ್ತಿತ್ತು ಅಷ್ಟೇ, ಮತ್ತೆ ಅಂಟಿಸಬಹುದಿತ್ತು. ಏರಿಳಿತದಿಂದ ಸೀಳಿತು. ಏರಿಳಿತ ಯಾರು ಮಾಡಿದ್ದು ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಈ ನೋಟ್‌ಬುಕ್ಕಿಗೆ ಗೊತ್ತಿದೆ.

ನೂರು ವರ್ಷದ ಮರ. ಎಂದಾದರೂ ಸೀಳಬೇಕಾಗಿತ್ತೇನೋ.

ಡಿಸೆಂಬರ್ 23, ಮಂಗಳವಾರ

ಇವತ್ತು ಲಾಂಡ್ರಿಯಿಂದ ಜಗಳ. ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನೆಲ್ಲ ಒಗೆಸುವ ಮೇಲ್ವಿಚಾರಕಿಯನ್ನು ಎಲ್ಲರೂ ಲಾಂಡ್ರಿಯಕ್ಕ ಅನ್ನುತ್ತಾರೆ. ಜೋರು ಹೆಂಗಸು. ಯಂತ್ರದ ಕೋಣೆಗೇ ನುಗ್ಗಿ ಬಂದಳು.

"ಅಣ್ಣಾ, ನನ್ನ ಟ್ಯಾಂಕಿಗೆ ಬರೋ ನೀರು ಮುಟ್ಟಿ ನೋಡಿದೀಯಾ? ಕೈ ಕೊರೆಯುತ್ತೆ. ಅದನ್ನ ಕಾಯಿಸೋಕೇ ಬಾಯ್ಲರಿಗೆ ಅರ್ಧ ದಿನ ಬೇಕು. ನೀನು ಇಲ್ಲಿ ಬಿಸಿ ಹಬೆನ ಬೀದಿಗೆ ಬಿಟ್ಕೊಂಡು ಕೂತಿದೀಯ. ಕೊಡು ಇತ್ತ ಸ್ವಲ್ಪ!"

"ಅದೇನು ಸಾರಿನ ಸೌಟಾ, ಕೊಡು ಅಂದಕೂಡ್ಲೆ ಬಡಿಸೋಕೆ?" ಎಂದು ರೇಗಿದೆ. ಬೈದುಕೊಂಡು ಹೋದಳು.

ಅವಳು ಹೋದ ಮೇಲೆ ಹತ್ತು ನಿಮಿಷ ಗೋಡೆ ನೋಡುತ್ತಾ ಕೂತೆ. ಅವಳಲ್ಲಿ ತಣ್ಣೀರಿದೆ. ನನ್ನಲ್ಲಿ ಬಿಸಿ ಹಬೆ. ಹಬೆಯ ಕೊಳವೆಯನ್ನು ಅವಳ ತಣ್ಣೀರಿನ ಕೊಳವೆಗಳ ನಡುವೆ ಹಾಯಿಸಿದರೆ ಹಬೆ ತಣಿದು ನೀರಾಗುತ್ತದೆ, ತಣ್ಣೀರು ಬಿಸಿಯಾಗುತ್ತದೆ. ಅರವತ್ತು ಡಿಗ್ರಿಯ ಹಬೆಯನ್ನು ಇಪ್ಪತ್ತೈದಕ್ಕೆ ಇಳಿಸಿದರೆ ನೂರು ಲೀಟರಿನಲ್ಲಿ ಎಂಬತ್ತೈದು ಒಳಗೇ ಸಿಗುತ್ತದೆ. ಓಣಿಗೆ ಹೋಗುವುದು ಹದಿನೈದು. ಅದನ್ನೂ ಒಣಗಾಳಿಯ ಜೊತೆ ಬೆರೆಸಿ ಚಾಚು ಛಾವಣಿಗಿಂತ ಮೇಲಕ್ಕೆ ಒಯ್ದರೆ ಮುಗಿಯಿತು.

ಇಂಜಿನಿಯರ್ ನಾನು. ಹೊಳೆದದ್ದು ಅವಳಿಗೆ. ನಾಚಿಕೆಯಾಗಬೇಕು. ಕೆಳಗಿಳಿದು ಹೋಗಿ, "ಅಕ್ಕಾ, ಗಂಟೆಗೆ ಎಷ್ಟು ನೀರು ಬೇಕು ನಿನಗೆ?" ಎಂದೆ. "ಈಗ ಬಂತಾ ದಾರಿಗೆ?" ಎಂದಳು.

ಡಿಸೆಂಬರ್ 29, ಸೋಮವಾರ

ನಕ್ಷೆ ಬರೆದು ಆಡಳಿತಾಧಿಕಾರಿಗೆ ಕೊಟ್ಟೆ. ಅವರು ನಕ್ಷೆಯನ್ನು ತಿರುಗಿಸಿಯೂ ನೋಡಲಿಲ್ಲ. ಬದಲಿಗೆ ಇನ್ನೊಂದು ಪತ್ರ ಮುಂದಿಟ್ಟರು. ಪಿಟೀಲಿನವರು ಪರಿಸರ ಕಚೇರಿಗೂ ಬರೆದಿದ್ದಾರೆ. ಶುಕ್ರವಾರ ಅಲ್ಲಿಂದ ತಪಾಸಣೆಗೆ ಬರುತ್ತಾರೆ. "ದೂರುದಾರರ ಅಳತೆಗಳು ನಂಬಲರ್ಹವಲ್ಲ" ಎಂದು ನಾನು ಸಹಿ ಹಾಕಬೇಕಂತೆ.

"ಸಾರ್, ಅವರ ಅಳತೆ ಸರಿಯಾಗಿದೆ."

"ನಿಮಗೆ ಹೇಗೆ ಗೊತ್ತು?"

"ಹೋಲಿಸಿ ನೋಡಿದೀನಿ."

"ಯಾರು ಹೇಳಿದ್ರು ಹೋಲಿಸಿ ಅಂತ?"

ಸಹಿ ಹಾಕಲಿಲ್ಲ. ಪೆನ್ನನ್ನು ಅವರ ಮೇಜಿನ ಮೇಲೇ ಇಟ್ಟು ಬಂದೆ. ನನ್ನದೇ ಪೆನ್ನು ಅದು. ಒಳ್ಳೆಯ ಪೆನ್ನು. ಈಗ ವಾಪಸು ಕೇಳುವ ಹಾಗೂ ಇಲ್ಲ.

ಜನವರಿ 2, ಶುಕ್ರವಾರ

ಪರಿಸರ ಕಚೇರಿಯ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಕಾಲಿಗೆ ರಬ್ಬರ್ ಬೂಟು. ಆಡಳಿತಾಧಿಕಾರಿ ಅಂಗಳದಲ್ಲಿ ಹತ್ತು ನಿಮಿಷ ಭಾಷಣ ಮಾಡಿದರು: ಹೊಗೆ ಇಲ್ಲ, ಮಸಿ ಇಲ್ಲ, ಬರೀ ನೀರಾವಿ. ಅಷ್ಟರಲ್ಲಿ ಟೈ ಕೂಡ ಬಂದು ಪಕ್ಕದಲ್ಲಿ ತಲೆಯಾಡಿಸುತ್ತಿದ್ದ.

ಆಕೆ ನನ್ನ ಕಡೆ ತಿರುಗಿ, "ನೀವೇನಂತೀರಿ?" ಎಂದರು.

ಯಂತ್ರದ ದಾಖಲೆ ಮತ್ತು ಪಿಟೀಲಿನವರ ಪುಸ್ತಕದ ನಕಲು ಎರಡನ್ನೂ ಕೈಗಿಟ್ಟೆ. ಬೆಳಿಗ್ಗೆಯೇ ಹೋಗಿ ಕೇಳಿ ತಂದಿದ್ದೆ. "ಯಂತ್ರ ಓಡಿದ ದಿನ ಎಂಬತ್ತು. ನಿಂತ ದಿನ ನಲವತ್ತು. ಡಿಸೆಂಬರ್ ನಾಲ್ಕರ ಪತ್ರದಲ್ಲಿ ಪರಿಣಾಮ ಇಲ್ಲ ಅಂತ ಸಹಿ ಹಾಕಿದ್ದು ನಾನೇ. ಆವಾಗ ಅಳೆದಿರಲಿಲ್ಲ," ಎಂದೆ.

ಆಕೆ ಎರಡನ್ನೂ ಬೆರಳಿಟ್ಟು ಸಾಲುಸಾಲಾಗಿ ಓದಿದರು. ಓಣಿಗೆ ಹೋಗಿ ಪಾಚಿಯ ಮೇಲೆ ಬೂಟು ಉಜ್ಜಿ ನೋಡಿದರು. ತೀರ್ಮಾನ: ಹಬೆಗೆ ವ್ಯವಸ್ಥೆಯಾಗುವವರೆಗೆ ಯಂತ್ರ ಅರ್ಧ ಹೊರೆಯಲ್ಲೇ ಓಡಬೇಕು. ಐದು ವಾರದ ಗಡುವು.

ಆಕೆ ಹೋದ ಮೇಲೆ ಆಡಳಿತಾಧಿಕಾರಿ ಒಂದೇ ಮಾತು ಹೇಳಿದರು. "ಇದು ಮುಗೀಲಿ. ನಿಮ್ಮನ್ನ ಲಿಫ್ಟ್ ನೋಡ್ಕೊಳ್ಳೋಕೆ ಹಾಕ್ತೀನಿ. ಮೇಲೆ ಕೆಳಗೆ ಓಡಾಡ್ಕೊಂಡಿರಿ."

ಮನೆಗೆ ಬಂದವನೇ ಕಂಬಳಿ ಹೊದ್ದು ಕೂತೆ. ಹೆಂಡತಿಗೆ ಚಳಿ ಅಂದೆ.

ಜನವರಿ 12, ಸೋಮವಾರ

ಹಬೆ ತಣಿಸಿ ನೀರು ಮಾಡುವ ಕಂಡೆನ್ಸರ್ ಕೂರಿಸಿದೆವು. ಮೂರು ಕಡೆ ಸೋರಿತು. ಬೆಸುಗೆಯವ ಬಂದ, ಸೋರುವುದು ನಿಂತಿತು, ಬೆಸುಗೆಯವ ಹೋದ, ಮತ್ತೆ ಸೋರಿತು. ಸಿಕ್ಕ ನೀರನ್ನು ಟ್ಯಾಂಕಿಗೆ ಒಯ್ಯಲು ಕಬ್ಬಿಣದ ಕೊಳವೆ ಸಾಕು ಎಂದು ಟೈ ಹೇಳಿದ್ದ. ಇಷ್ಟು ಶುದ್ಧ ನೀರು ಕಬ್ಬಿಣವನ್ನು ಕೊರೆಯುತ್ತದೆ ಮಾರಾಯ ಎಂದು ಗಂಟಲು ಹರಿದುಕೊಂಡು, ಪ್ಲಾಸ್ಟಿಕ್ಕಿನದನ್ನೇ ಹಾಕಿಸಿದೆ. ಬೆನ್ನು ಹಿಡಿದಿದೆ. ಆದರೆ ಸಂಜೆ ಐದಕ್ಕೆ ಕೊಳವೆಯ ಬಾಯಲ್ಲಿ ಹಬೆ ತೆಳುವಾಯಿತು, ಆಮೇಲೆ ಕಾಣಲೇ ಇಲ್ಲ. ಕೆಳಗಿನ ನಲ್ಲಿಯಲ್ಲಿ ನೀರು ಹೆಬ್ಬೆರಳು ದಪ್ಪಕ್ಕೆ ಬಿತ್ತು.

ಲಾಂಡ್ರಿಯಕ್ಕ ತನ್ನ ಟ್ಯಾಂಕಿಗೆ ಕೈಯದ್ದಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಅದೇ ಬಹುಮಾನ.

ಜನವರಿ 18, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಪಿಟೀಲಿನವರ ಫೋನ್. "ಇಂಜಿನಿಯರ್ರೇ, ವಾರವೆಲ್ಲ ಐವತ್ತಿತ್ತು. ಇವತ್ತು ಎಪ್ಪತ್ತೊಂದು."

ಭಾನುವಾರ ಲಾಂಡ್ರಿಗೆ ರಜೆ. ತಣ್ಣೀರು ಹರಿಯುವುದಿಲ್ಲ. ಹಬೆ ತಣಿಯುವುದಿಲ್ಲ. ಇಷ್ಟು ಸರಳ ಸಂಗತಿ ನನ್ನ ತಲೆಗೆ ಹೋಗಲಿಲ್ಲವಲ್ಲ! ಹಾಗೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಯಂತ್ರವನ್ನು ಕನಿಷ್ಠಕ್ಕಿಳಿಸಿದೆ. ಒಮ್ಮೆಗೇ ಇಳಿಸಲಿಲ್ಲ. ಗಂಟೆಗೆ ಇಷ್ಟಿಷ್ಟೇ ಎಂದು ಇಳಿಸುತ್ತಾ, ಪ್ರತಿ ಸಲ ಅವರಿಗೆ ಫೋನ್ ಮಾಡಿ ಮಾಪಕ ಎಷ್ಟು ತೋರಿಸುತ್ತಿದೆ ಎಂದು ಕೇಳುತ್ತಾ, ಮಧ್ಯಾಹ್ನ ಮೂರರವರೆಗೆ. ಊಟ ತಣ್ಣಗಾಯಿತು. ಭಾನುವಾರ ಹಾಳಾಯಿತು.

ಜನವರಿ 19, ಸೋಮವಾರ

ಲಾಂಡ್ರಿಯಕ್ಕನ ಕಾಲಿಗೆ ಬೀಳುವುದೊಂದು ಬಾಕಿ. ಭಾನುವಾರ ಅರ್ಧ ದಿನ ಬಟ್ಟೆ ಒಗೆಯುವ ಪಾಳಿ ಹಾಕಲು ಒಪ್ಪಿದಳು, ಬದಲಿಗೆ ಬುಧವಾರ ಮಧ್ಯಾಹ್ನ ರಜೆ. ಬುಧವಾರ ಮಧ್ಯಾಹ್ನಕ್ಕೆ ಏನು ಮಾಡುವುದು? ಹಳೆಯ ಡೀಸೆಲ್ ಇಡುತ್ತಿದ್ದ ಕೋಣೆಯಲ್ಲಿ ತಣ್ಣೀರು ತುಂಬಿಡಲು ಒಂದು ದೊಡ್ಡ ಟ್ಯಾಂಕ್ ಕೂರಿಸಬೇಕು. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ.

ಜನವರಿ 25, ಭಾನುವಾರ

ಬಚ್ಚಲಿಗೆ ಗಾಳಿ ಹೊರಹಾಕುವ ಫ್ಯಾನ್ ಹಾಕಿದೆ. ಗೋಡೆ ಕೆರೆದು ಸುಣ್ಣ ಬಳಿದೆ. ಬೇರೆ ವಿಶೇಷವಿಲ್ಲ.

ಫೆಬ್ರವರಿ 3, ಮಂಗಳವಾರ

ಗಡುವಿಗೆ ಮೂರು ದಿನ ಮೊದಲೇ ಪರಿಸರ ಕಚೇರಿಯ ಅಧಿಕಾರಿ ಬಂದು ನೋಡಿ, ಪೂರ್ತಿ ಹೊರೆಗೆ ಒಪ್ಪಿಗೆ ಕೊಟ್ಟರು. ಈಗ ಆಡಳಿತಾಧಿಕಾರಿ ಅತಿಥಿಗಳನ್ನು ಕರೆತಂದು ಕಂಡೆನ್ಸರ್ ತೋರಿಸುತ್ತಾರೆ. "ಇದು ನಮ್ಮ ಯೋಜನೆ. ಬಾಯ್ಲರಿನ ಕೆಲಸ ಅರ್ಧ ಕಡಿಮೆಯಾಗಿದೆ." ನನ್ನನ್ನು ತೋರಿಸಿ, "ಇವರೂ ಸಹಾಯ ಮಾಡಿದಾರೆ." ಅವರ ಜೇಬಿನಲ್ಲಿ ನನ್ನ ಪೆನ್ನು.

ಲಿಫ್ಟಿನ ಮಾತು ಎತ್ತಿಲ್ಲ. ನಾನೂ ನೆನಪಿಸಿಲ್ಲ.

ಸಂಜೆ ಓಣಿಗೆ ಹೋಗಿದ್ದೆ. 49. ಯಜಮಾನರು ಚೆಲ್ಲೊದ ಸೀಳಿಗೆ ಒಳಗಿನಿಂದ ಸಣ್ಣ ಸಣ್ಣ ಮರದ ತುಂಡುಗಳನ್ನು ಹೊಲಿಗೆಯ ಹಾಗೆ ಸಾಲಾಗಿ ಅಂಟಿಸುತ್ತಿದ್ದರು. ನಾನು ದೀಪ ಹಿಡಿದೆ. "ಈಗ ಕೂರ್ತಿದೆ ಅಂಟು," ಎಂದರು. ಹೇಳಿಬಿಡೋಣ ಅನಿಸಿತು. ಅವರ ಕೈಯಲ್ಲಿ ಕೆಲಸವಿತ್ತು. ಅಂಥ ಹೊತ್ತಿನಲ್ಲಿ ಹೇಳಬಾರದು. ಹಿಂದಿನ ವಾರ ಹೋದಾಗಲೂ ಕೆಲಸವಿತ್ತು.

ಫೆಬ್ರವರಿ 21, ಶನಿವಾರ

ದೊಡ್ಡಮ್ಮನ ಒಡತಿ ಬರುವ ದಿನ ಎಂದು ಯಜಮಾನರು ಹೇಳಿದ್ದರು. ನನಗೇನೂ ಅಲ್ಲಿ ಕೆಲಸವಿರಲಿಲ್ಲ. ಹೋದೆ.

ಅರವತ್ತು ದಾಟಿದ ವಾದಕಿ. ನೆಟ್ಟಗಿನ ಬೆನ್ನು. ಇಪ್ಪತ್ತೆಂಟು ವರ್ಷದಿಂದ ಆ ಚೆಲ್ಲೊ ಅವರದು, ಅದಕ್ಕೂ ಮೊದಲು ಅವರ ಗುರುಗಳದು. ಕುರ್ಚಿಯಲ್ಲಿ ಕೂತು, ತಂತಿ ಬಿಗಿದು, ಕಮಾನು ಎಳೆದರು. ನನಗೆ ಚೆನ್ನಾಗಿಯೇ ಕೇಳಿಸಿತು. ಅವರು ನಿಲ್ಲಿಸಿ ಅದೇ ಸ್ವರವನ್ನು ಮತ್ತೆ ಎಳೆದರು. ಮತ್ತೆ.

"ಇಲ್ಲಿ ಗಂಟಲು ಕಟ್ಟಿದೆ," ಎಂದರು. "ಇದು ನನ್ನ ದನಿ ಅಲ್ಲ. ಕೂಡು ಬಿಟ್ಟಿದೆ ಅಂತ ಕೊಟ್ಟೆ. ಎದೆ ಸೀಳಿಸಿ ವಾಪಸ್ ಕೊಡ್ತಿದೀರಿ. ಏನಾಯ್ತು ಯಜಮಾನ್ರೆ? ಕೈ ನಡುಗೋಕೆ ಶುರುವಾಯ್ತಾ?"

ಯಜಮಾನರು ಮೇಜಿನ ಮೇಲಿನ ಕಂಬಳಿ ಮಡಿಸುತ್ತಿದ್ದರು. ಮಡಿಸುವುದು ನಿಲ್ಲಿಸಲಿಲ್ಲ.

"ವಯಸ್ಸಾಯ್ತಮ್ಮ. ಇರಬಹುದು."

ಇದು ನನಗೆ ಸಹಿಸಲಾಗಲಿಲ್ಲ. ಮೂವತ್ತೊಂದು ವರ್ಷ ದಿನಕ್ಕೆ ಮೂರು ಸಲ ಅಂಕಿ ಬರೆದಿಟ್ಟ ಮನುಷ್ಯ, ಇರಬಹುದು ಅಂತೆ!

"ಅವರ ಕೈ ನಡುಗಿಲ್ಲಮ್ಮ," ಎಂದೆ. ದನಿ ಸ್ವಲ್ಪ ಜೋರಾಯಿತು. "ಸೀಳಿದ್ದು ನಾನು. ಎದುರಿಗಿರೋ ಆಸ್ಪತ್ರೆ ಯಂತ್ರ ನನ್ನ ಕೈಲಿರೋದು. ಅದರ ಹಬೆಗೆ ಇವರ ಕೋಣೆಯೆಲ್ಲ ತೇವ ಕುಡೀತು. ಬಂದು ನೋಡಿ ಅಂತ ಇವರು ಕಾಗದದ ಮೇಲೆ ಕಾಗದ ಬರೆದ್ರು. ಇವರು ಸುಳ್ಳು ಹೇಳ್ತಿದಾರೆ ಅಂತ ತೋರಿಸೋಕೆ ಮೂರು ದಿನ ಯಾರಿಗೂ ಹೇಳದೆ ಯಂತ್ರ ನಿಲ್ಲಿಸಿದೆ. ಮರ ಒಮ್ಮೆಲೇ ಒಣಗಿ ಸೀಳ್ತು. ತಪ್ಪು ನಂದು."

ಯಜಮಾನರ ಕಡೆ ನೋಡಲು ಧೈರ್ಯ ಬರಲಿಲ್ಲ. ಆದರೂ ನೋಡಿದೆ.

"ನಿಮಗೆ ಮೊದಲೇ ಹೇಳಬೇಕಿತ್ತು," ಎಂದೆ.

"ನನಗೆ ಗೊತ್ತಿತ್ತು," ಎಂದರು. "ನಿಮ್ಮ ಯಂತ್ರದ ಫ್ಯಾನು ಬುಧವಾರ ನಿಂತದ್ದು ನನಗೆ ಕೇಳಿಸಲ್ವಾ? ಶನಿವಾರ ಬಂದು ಪುಸ್ತಕ ಕೇಳಿದಾಗ ಯಾಕೆ ನಿಲ್ಲಿಸಿದ್ರಿ ಅನ್ನೋದೂ ತಿಳೀತು."

"ಮತ್ತೆ ಪರಿಸರ ಕಚೇರಿಯವರಿಗೆ ಯಾಕೆ ಹೇಳ್ಲಿಲ್ಲ? ಇಷ್ಟು ದಿನ ನನ್ನನ್ನ ಯಾಕೆ ಒಂದು ಮಾತು ಕೇಳ್ಲಿಲ್ಲ?"

"ನೀವು ಆಗಾಗ ಬಂದು ದೀಪ ಹಿಡೀತಿದ್ರಿ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ನಾನೂ ಸುಮ್ಮನಿದ್ದೆ."

ವಾದಕಿ ನನ್ನನ್ನೇ ನೋಡುತ್ತಿದ್ದರು. "ನಿಮ್ಮ ತಪ್ಪೊಪ್ಪಿಗೆ ತಗೊಂಡು ನಾನೇನು ಮಾಡ್ಲಿ?" ಎಂದರು. "ಅದನ್ನ ನುಡಿಸೋಕಾಗುತ್ತಾ?"

ಆಗುವುದಿಲ್ಲ. ಹಾಗೆಂದೆ.

ಅವರು ಸೀಳಿನ ಗೆರೆಯನ್ನು ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿ ನೋಡಿದರು. ಆಮೇಲೆ ಯಜಮಾನರತ್ತ ತಿರುಗಿ, "ನಿಮ್ಮ ಕೈ ಬಗ್ಗೆ ಅಂದದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ಬಾಯಿ ತಪ್ಪಿ ಬಂತು. ಇಂಥ ಸೀಳು ಇಷ್ಟು ನಯವಾಗಿ ಬೇರೆ ಯಾರೂ ಕೂಡಿಸಲ್ಲ," ಎಂದರು. ಮತ್ತೆ ಕಮಾನು ಎತ್ತಿಕೊಂಡು ಆ ಕಟ್ಟಿದ ಸ್ವರವನ್ನು ಬಿಟ್ಟು ಅದರ ಸುತ್ತಮುತ್ತ ನುಡಿಸಿದರು. ಆಮೇಲೆ ಅದರ ಮೇಲೂ. ಎಷ್ಟು ಒತ್ತಬೇಕು, ಎಷ್ಟು ಬಿಡಬೇಕು ಎಂದು ನೋಡುತ್ತಿದ್ದರೇನೋ. ಮುಗಿಸಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ಪೆಟ್ಟಿಗೆಯನ್ನು ಓಣಿಯ ತುದಿಯವರೆಗೆ ನಾನು ಹೊತ್ತೆ. ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎಂದೂ ಅನ್ನಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಮೂರು ದಿನದ ಸಂಗತಿ ಅವಳಿಗೂ ಹೇಳಿರಲಿಲ್ಲ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ನೀವು ಹೇಳಿದ್ರಾ? ಅವರಿಬ್ಬರ ಎದುರಿಗೆ? ನೀವೇ?"

"ಹೂಂ. ಮತ್ತೆ ಇನ್ಯಾರು ಹೇಳ್ಬೇಕಿತ್ತು? ಟೈ ಬಂದು ಹೇಳ್ಬೇಕಿತ್ತಾ?"

ನನ್ನ ಮುಖವನ್ನೇ ನೋಡುತ್ತಾ ಕೂತಳು. ಏನಾಯಿತು ಎಂದರೆ ಏನಿಲ್ಲ ಅನ್ನುತ್ತಾಳೆ. ಯಾಕೆ ಹಾಗೆ ನೋಡುತ್ತೀಯ ಎಂದರೆ ಸುಮ್ಮನೆ ಅನ್ನುತ್ತಾಳೆ. ಈ ಮನೆಯಲ್ಲಿ ಯಾರಾದರೂ ಒಂದು ಮಾತನ್ನು ನೆಟ್ಟಗೆ ಹೇಳಿದ್ದುಂಟೇ!